ಮೋಟಾರ್‌ಸೈಕಲ್ ಸ್ಟಾರ್ಟರ್ ಸ್ವಿಚ್

ಮೋಟಾರ್‌ಸೈಕಲ್ ಸ್ಟಾರ್ಟರ್ ಸ್ವಿಚ್ ಎಂಬುದು ಬ್ಯಾಟರಿಯ ವಿದ್ಯುತ್ತಿನ ನೆರವಿನಿಂದ ಎಂಜಿನ್ನನ್ನು ಚಾಲನೆಗೊಳಿಸಲು ಹ್ಯಾಂಡಲ್ಲಿನ ಬಲಬದಿಯಲ್ಲಿ ಅಳವಡಿಸಿರುವ ಒತ್ತುಗುಂಡಿ. ಕರ್ನಾಟಕದ ಗ್ಯಾರೇಜುಗಳಲ್ಲಿ ಇದನ್ನು 'ಸೆಲ್ಫ್ ಬಟನ್' ಅಥವಾ ಬರಿದೆ 'ಸೆಲ್ಫ್' ಎಂದು ಕರೆಯುವುದು ರೂಢಿ. ಗಾತ್ರದಲ್ಲಿ ಹೆಬ್ಬೆರಳ ಉಗುರಿನಷ್ಟಿರುವ ಈ ಭಾಗ ಗಾಡಿಯ ಇತರ ಭಾಗಗಳಿಗೆ ಹೋಲಿಸಿದರೆ ಅಗ್ಗದ್ದು. ಆದರೂ ಅದು ಕೆಟ್ಟಾಗ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಸ್ವಿಚ್ಚಿನ ದೋಷವೆಂದು ತಿಳಿಯದೆ ಬ್ಯಾಟರಿಯನ್ನೋ ಸ್ಟಾರ್ಟರ್ ಮೋಟಾರನ್ನೋ ಬದಲಾಯಿಸಿ ಹಣ ಕಳೆದುಕೊಳ್ಳುವವರೂ ಕಡಮೆಯಿಲ್ಲ. ಹತ್ತು ಹದಿನೈದು ವರ್ಷ ದಾಟಿದ ಗಾಡಿಗಳಲ್ಲಿ, ವಿಶೇಷವಾಗಿ ಮಳೆ ಹೆಚ್ಚಿರುವ ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂತಹ ತಾಲ್ಲೂಕುಗಳಲ್ಲಿ, ಈ ಸ್ವಿಚ್ಚಿನ ದುರಸ್ತಿ ಮಳೆಗಾಲದ ವಾಡಿಕೆಯ ಕೆಲಸಗಳಲ್ಲೊಂದು.

ಹಿನ್ನೆಲೆ

ವಿದ್ಯುತ್ ಚಾಲಿತ ಸ್ಟಾರ್ಟರ್ ಮೊದಲು ಬಂದದ್ದು ಕಾರಿಗೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯನ್ನು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅಳವಡಿಸಲಾಯಿತು. ಮೋಟಾರ್‌ಸೈಕಲ್ಲುಗಳಿಗೆ ಅದು ವ್ಯಾಪಕವಾಗಿ ದೊರೆತದ್ದು ಬಹಳ ತಡವಾಗಿ. ಹಾರ್ಲೆ ಡೇವಿಡ್‌ಸನ್ 1965ರಲ್ಲಿ ತನ್ನ ದೊಡ್ಡ ಗಾಡಿಗೆ ಇದನ್ನು ಜೋಡಿಸಿ ಅದಕ್ಕೆ ಎಲೆಕ್ಟ್ರಾ ಗ್ಲೈಡ್ ಎಂದೇ ಹೆಸರಿಟ್ಟಿತು. 1969ರ ಹೋಂಡಾ ಸಿಬಿ 750 ಗಾಡಿಯಲ್ಲೂ ಇದು ಇತ್ತು.

ಭಾರತದಲ್ಲಿ ದೀರ್ಘಕಾಲ ಕಾಲಿನ ಕಿಕ್ಕೇ ಗತಿಯಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಒಂದೇ ಸನ್ನೆಯು ಕಿಕ್ ಆಗಿಯೂ ಗಿಯರ್ ಆಗಿಯೂ ಕೆಲಸ ಮಾಡುತ್ತಿತ್ತು. ಹಳೆಯ ಬುಲೆಟ್ಟನ್ನು ಚಾಲನೆಗೊಳಿಸಲು ಆ್ಯಮ್‌ಮೀಟರಿನ ಮುಳ್ಳನ್ನು ನೋಡಿ, ಡಿಕಂಪ್ರೆಸರ್ ಸನ್ನೆಯನ್ನು ಹಿಡಿದು, ಆಮೇಲೆ ತುಳಿಯಬೇಕಾಗಿತ್ತು. ಅದೊಂದು ವಿದ್ಯೆಯೇ ಸರಿ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100, 1994ರ ಸ್ಪ್ಲೆಂಡರ್ ಇವೆಲ್ಲ ಮೊದಲಿಗೆ ಕಿಕ್ ಗಾಡಿಗಳೇ. ಗುಂಡಿ ಒತ್ತಿದರೆ ಓಡುವ ದ್ವಿಚಕ್ರ ವಾಹನವನ್ನು ಇಲ್ಲಿನ ಜನರಿಗೆ ಪರಿಚಯಿಸಿದ್ದು ಮೋಟಾರ್‌ಸೈಕಲ್ ಅಲ್ಲ, 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರ್. 2001ರಲ್ಲಿ ಮಾರುಕಟ್ಟೆಗೆ ಬಂದ ಬಜಾಜ್ ಪಲ್ಸರ್ ಮಾಲಿಕೆಯ ನಂತರ ಸೆಲ್ಫ್ ಸೌಲಭ್ಯ ಸಾಮಾನ್ಯ ಗಾಡಿಗಳಿಗೂ ಹಬ್ಬಿತು. ಆ ಕಾಲದ ಗಾಡಿಗಳೇ ಈಗ 'ಹಳೆಯ ಗಾಡಿ'ಗಳೆನಿಸಿ, ಗುಂಡಿಯ ತೊಂದರೆಯನ್ನು ಹೆಚ್ಚಾಗಿ ಎದುರಿಸುತ್ತಿವೆ.

ಕಾರ್ಯವಿಧಾನ

ಗುಂಡಿಯು ಸ್ಟಾರ್ಟರ್ ಮೋಟಾರಿಗೆ ನೇರವಾಗಿ ವಿದ್ಯುತ್ತನ್ನು ಕೊಡುವುದಿಲ್ಲ. ಮೋಟಾರು ಎಂಜಿನ್ನನ್ನು ತಿರುಗಿಸುವಾಗ ಹತ್ತಾರು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಹ್ಯಾಂಡಲ್ಲಿನ ಸಣ್ಣ ಗುಂಡಿಯಾಗಲಿ ಅದರ ತೆಳು ತಂತಿಯಾಗಲಿ ಅಷ್ಟನ್ನು ತಾಳಲಾರವು. ಆದ್ದರಿಂದ ನಡುವೆ ಒಂದು ರಿಲೇ ಇರುತ್ತದೆ. ಗುಂಡಿ ಒತ್ತಿದಾಗ ರಿಲೇಯ ಒಳಗಿನ ಸುರುಳಿಗೆ ಕೆಲವೇ ಆಂಪಿಯರ್ ವಿದ್ಯುತ್ ಹರಿದು, ಸುರುಳಿ ಅಯಸ್ಕಾಂತವಾಗಿ, ದಪ್ಪ ತಾಮ್ರದ ಸಂಪರ್ಕಗಳನ್ನು ಎಳೆದು ಕೂಡಿಸುತ್ತದೆ. ಆಗ ಕೇಳಿಸುವುದೇ 'ಟಕ್' ಎಂಬ ಸದ್ದು. ದೋಷವನ್ನು ಹುಡುಕುವವರಿಗೆ ಈ ಸದ್ದಿಗಿಂತ ದೊಡ್ಡ ಸುಳಿವು ಬೇರೊಂದಿಲ್ಲ.

ಗುಂಡಿಯಿಂದ ರಿಲೇಯವರೆಗಿನ ಈ ಸಣ್ಣ ಮಂಡಲದಲ್ಲಿ ಗುಂಡಿಯೊಂದೇ ಇರುವುದಿಲ್ಲ. ಕೀಲಿಯ ಸ್ವಿಚ್, ಫ್ಯೂಸ್, ನ್ಯೂಟ್ರಲ್ ಸ್ವಿಚ್, ಕ್ಲಚ್ ಸನ್ನೆಯ ಬುಡದಲ್ಲಿರುವ ಪುಟ್ಟ ಸ್ವಿಚ್, ಕೆಲವು ಗಾಡಿಗಳಲ್ಲಿ ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ ಹಾಗೂ ಸೈಡ್ ಸ್ಟ್ಯಾಂಡಿನ ಸ್ವಿಚ್ ಕೂಡ ಸೇರಿಕೊಂಡಿರುತ್ತವೆ. ಗಾಡಿ ಗಿಯರಿನಲ್ಲಿರುವಾಗ ಕ್ಲಚ್ ಹಿಡಿಯದೆ ಗುಂಡಿ ಒತ್ತಿದರೆ ಮುನ್ನುಗ್ಗದಿರಲೆಂದು ಮಾಡಿರುವ ಏರ್ಪಾಡು ಇದು. ಸರಪಳಿಯ ಯಾವುದೇ ಕೊಂಡಿ ಕಳಚಿದರೂ ಹೊರಗೆ ಕಾಣುವ ಫಲ ಒಂದೇ: ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ.

ಗುಂಡಿಯ ಒಳಗಿನ ಸಂಪರ್ಕಗಳು ಪೂರ್ತಿ ಕಡಿದುಹೋಗಬೇಕೆಂದಿಲ್ಲ, ಮಾಸಿದರೂ ಸಾಕು. ರಿಲೇ ಸುರುಳಿಯ ರೋಧ 4 ಓಮ್ ಇದೆ ಎಂದುಕೊಂಡರೆ 12 ವೋಲ್ಟ್ ಬ್ಯಾಟರಿಯಿಂದ 3 ಆಂಪಿಯರ್ ಹರಿಯಬೇಕು. ಗುಂಡಿಯ ಸಂಪರ್ಕದಲ್ಲಿ ಕಿಲುಬು ಕಟ್ಟಿ 1 ಓಮ್ ರೋಧ ಸೇರಿಕೊಂಡರೆ ಸುರುಳಿಗೆ ಸಿಗುವುದು 9.6 ವೋಲ್ಟ್ ಮಾತ್ರ. ಕಿಲುಬಿನ ರೋಧವೂ 4 ಓಮ್ ಆದರೆ ಸುರುಳಿಯ ಪಾಲಿಗೆ ಉಳಿಯುವುದು 6 ವೋಲ್ಟ್. ಅಷ್ಟರಿಂದ ರಿಲೇ ಎಳೆಯುವ ಭರವಸೆಯಿಲ್ಲ. ಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಬೆಳಿಗ್ಗೆ ಬ್ಯಾಟರಿ ತಣ್ಣಗಿರುವಾಗ ಹಿಡಿಯದ ಸೆಲ್ಫ್ ಮಧ್ಯಾಹ್ನ ಹಿಡಿಯುವುದಕ್ಕೂ, ನಾಲ್ಕೈದು ಬಾರಿ ಒತ್ತಿದ ಮೇಲೆ ಒಮ್ಮೆ ಕೆಲಸ ಮಾಡುವುದಕ್ಕೂ ಇಂತಹ ಅರೆಬರೆ ಸಂಪರ್ಕ ಕಾರಣವಾಗಿರಬಹುದು.

ಮಲೆನಾಡಿನಲ್ಲಿ ಕೆಡುವ ಬಗೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳು. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಅಧಿಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಈ ಸೀಮೆಯಲ್ಲಿ ಗುಂಡಿಯ ಒಳಗಿನ ಹಿತ್ತಾಳೆ ಒಣಗಿರಲೆಂದು ಬಯಸುವುದು ಅತಿಯಾಸೆ. ಮನೆಗಳು ಒಂದಕ್ಕೊಂದು ದೂರ. ಅಡಕೆ ತೋಟದ ನಡುವಿನ ಒಂಟಿಮನೆಯಿಂದ ಡಾಂಬರು ರಸ್ತೆಗೆ ಬರುವುದಕ್ಕೇ ಒಂದೆರಡು ಕಿಲೋಮೀಟರ್ ಮಣ್ಣುದಾರಿ ಇರುವುದುಂಟು. ಕೊಪ್ಪದಲ್ಲಿ ನೆಲೆಗೊಂಡು 1991ರಿಂದ ಕಾರ್ಮಿಕರೇ ನಡೆಸುತ್ತಿದ್ದ ಸಹಕಾರ ಸಾರಿಗೆ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತ ಮೇಲೆ ಒಳದಾರಿಯ ಊರುಗಳಲ್ಲಿ ಸ್ವಂತ ಬೈಕಿನ ಮೇಲಿನ ಅವಲಂಬನೆ ಇನ್ನೂ ಹೆಚ್ಚಿತು. ರಾತ್ರಿ ವೇಳೆ ಜ್ವರ ಬಂದವರನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಸೆಲ್ಫ್ ಹಿಡಿಯದಿರುವುದು ಇಲ್ಲಿ ಸಣ್ಣ ತೊಂದರೆಯಲ್ಲ.

ನೀರು ಗುಂಡಿಯ ಅಂಚಿನಿಂದ ಮಾತ್ರ ಇಳಿಯುವುದಿಲ್ಲ. ಆಕ್ಸಿಲರೇಟರ್ ಕೇಬಲ್ಲಿನ ರಬ್ಬರ್ ಟೊಪ್ಪಿ ಹರಿದಿದ್ದರೆ ಕೇಬಲ್ಲಿನ ಗುಂಟವೂ, ಕನ್ನಡಿಯ ಕಂಬದ ಬುಡದಿಂದಲೂ ಒಳಸೇರುತ್ತದೆ. ಗಾಡಿಯನ್ನು ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಹ್ಯಾಂಡಲ್ಲಿನ ಬಲತುದಿ ಮೇಲಕ್ಕೆದ್ದು ಗುಂಡಿಯ ಮೇಲೆಯೇ ಸೂರಿನ ನೀರು ಬೀಳುವ ಸಂಭವವುಂಟು. ಒತ್ತಡದ ನೀರಿನಿಂದ ಗಾಡಿ ತೊಳೆಯುವ ಕ್ರಮ ಈ ವಿಷಯದಲ್ಲಿ ಮಳೆಗಿಂತ ಕೆಟ್ಟದ್ದು.

ಅಡಕೆ ಬೆಳೆಗಾರರ ಗಾಡಿಗಳಿಗೆ ಇನ್ನೊಂದು ಕಂಟಕವಿದೆ. ಕೊಳೆರೋಗದ ತಡೆಗೆ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುತ್ತಾರೆ. ಮೈಲುತುತ್ತದ ನೀರು ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ಕೊರೆಯುವ ಗುಣವುಳ್ಳದ್ದು. ಅದೇ ಕೈಯಿಂದ ಹ್ಯಾಂಡಲ್ ಹಿಡಿದರೆ ಸ್ವಿಚ್ಚಿನ ಸ್ಕ್ರೂ ಹಾಗೂ ಸ್ಪ್ರಿಂಗು ಬೇಗ ತುಕ್ಕು ಹಿಡಿಯುತ್ತವೆ. ಸಿಂಪಡಣೆ ಮುಗಿದ ಬಳಿಕ ಕೈ ತೊಳೆದು ಹ್ಯಾಂಡಲ್ ಹಿಡಿಯುವುದು ಗಾಡಿಗೂ ಮೈಗೂ ಒಳಿತು.

ತಂತಿ ತುಂಡಾಗುವುದು ಎರಡನೆಯ ಬಗೆಯ ದೋಷ. ಹ್ಯಾಂಡಲ್ ತಿರುಗಿದಾಗಲೆಲ್ಲ ಸ್ವಿಚ್ಚಿನಿಂದ ಹೊರಟ ತಂತಿಗಳು ಮಡಚಿ ಬಿಚ್ಚುತ್ತವೆ. ವರ್ಷಗಳ ಬಳಿಕ ಹೊರಗಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಇದ್ದು ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ. ಹ್ಯಾಂಡಲನ್ನು ಒಂದು ಬದಿಗೆ ತಿರುಗಿಸಿದಾಗ ಮಾತ್ರ ಸೆಲ್ಫ್ ಹಿಡಿದರೆ ಅನುಮಾನ ಇದರ ಮೇಲೆಯೇ. ಕೊಪ್ಪದಿಂದ ಶೃಂಗೇರಿಗೆ, ಅಲ್ಲಿಂದ ಕೆರೆಕಟ್ಟೆಯ ಮೂಲಕ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ತಿರುವುಗಳಿಗೇನೂ ಬರವಿಲ್ಲ.

ದೋಷವನ್ನು ಗುರುತಿಸುವುದು

ಬಿಚ್ಚುವ ಮುನ್ನ ನೋಡಬೇಕಾದ ಸಂಗತಿಗಳಿವೆ. ಕೆಂಪು ಸ್ವಿಚ್ ಅರಿವಿಲ್ಲದೆ ಆಫ್ ಆಗಿದೆಯೇ, ಗಾಡಿ ನ್ಯೂಟ್ರಲ್‌ನಲ್ಲಿದ್ದು ಹಸಿರು ದೀಪ ಬೆಳಗಿದೆಯೇ, ಸೈಡ್ ಸ್ಟ್ಯಾಂಡ್ ಎತ್ತಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಇಷ್ಟರಿಂದಲೇ ಪರಿಹಾರವಾಗುವ ಪ್ರಕರಣಗಳುಂಟು. ಅನುಭವಿಗಳು ನಾಚಿಕೆಯಿಲ್ಲದೆ ಮೊದಲು ಇದನ್ನೇ ನೋಡುತ್ತಾರೆ. ಬಳಿಕ ಹಾರ್ನ್ ಬಾರಿಸಬೇಕು. ಬ್ಯಾಟರಿಯಿಂದ ನಡೆಯುವ ಹಾರ್ನ್ ಗಟ್ಟಿಯಾಗಿದ್ದರೆ ಬ್ಯಾಟರಿಗೆ ಜೀವವಿದೆ ಎಂದರ್ಥ. ಆದರೆ ಸೆಲ್ಫ್ ತಿರುಗಿಸುವಷ್ಟು ಶಕ್ತಿಯಿದೆ ಎಂದು ಅಷ್ಟರಿಂದಲೇ ಹೇಳಲಾಗದು.

ಗುಂಡಿ ಒತ್ತಿದಾಗ 'ಟಕ್' ಎಂಬ ಸದ್ದು ಕೇಳಿ ಮೋಟಾರು ಮಾತ್ರ ತಿರುಗದಿದ್ದರೆ ಗುಂಡಿಯ ಮೇಲೆ ದೋಷ ಹೊರಿಸುವಂತಿಲ್ಲ. ಅದು ತನ್ನ ಕೆಲಸ ಮಾಡಿದೆ. ದೋಷವಿರುವುದು ಅದರಾಚೆಗಿನ ಬ್ಯಾಟರಿ, ದಪ್ಪ ತಂತಿಗಳ ತುದಿ, ರಿಲೇಯ ಸಂಪರ್ಕ ಅಥವಾ ಮೋಟಾರಿನ ಸವೆದ ಕಾರ್ಬನ್‌ಗಳಲ್ಲಿ. 'ಟಕಟಕಟಕ' ಎಂದು ಸತತ ಸದ್ದು ಬಂದರೆ ಬಹುತೇಕ ಬ್ಯಾಟರಿ ಇಳಿದಿದೆ. ಸದ್ದೇ ಇಲ್ಲವಾದರೆ ಮಾತ್ರ ಗುಂಡಿ ಮತ್ತು ಅದರ ಮಂಡಲದತ್ತ ಗಮನ ಹರಿಸಬೇಕು. ಕೈಬಿಟ್ಟ ಮೇಲೂ ಮೋಟಾರು ತಿರುಗುತ್ತಲೇ ಇದ್ದರೆ ಗುಂಡಿ ಒಳಗೆ ಸಿಕ್ಕಿಕೊಂಡಿದೆ ಇಲ್ಲವೇ ರಿಲೇಯ ಸಂಪರ್ಕಗಳು ಬೆಸೆದುಕೊಂಡಿವೆ. ಇದು ತುರ್ತಿನ ಸ್ಥಿತಿ. ಸಂಪರ್ಕಗಳು ಬೆಸೆದಿದ್ದರೆ ಕೀಲಿ ತೆಗೆದರೂ ಮೋಟಾರು ನಿಲ್ಲದು; ಬ್ಯಾಟರಿಯ ತಂತಿಯನ್ನೇ ಕೂಡಲೇ ಕಳಚಬೇಕಾಗುತ್ತದೆ, ತಡಮಾಡಿದರೆ ತಂತಿ ಕಾಯ್ದು ಬೆಂಕಿ ತಗುಲುವ ಅಪಾಯವಿದೆ.

ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದು ಸರಿಯಿದ್ದಲ್ಲಿ ರಿಲೇಯ ಬಳಿಯ ಸಣ್ಣ ತಂತಿಗಳಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿ, ಕೀಲಿ ಆನ್ ಮಾಡಿ, ಗುಂಡಿ ಒತ್ತಿಸಿ ನೋಡಬೇಕು. ಎರಡು ಸಣ್ಣ ತಂತಿಗಳ ನಡುವೆ ಬ್ಯಾಟರಿಗೆ ಸಮೀಪದ ವೋಲ್ಟೇಜ್ ಬಂದರೂ ರಿಲೇ ಸುಮ್ಮನಿದ್ದರೆ ರಿಲೇ ಕೆಟ್ಟಿದೆ. ವೋಲ್ಟೇಜ್ ಬಾರದಿದ್ದರೆ ಹಿಂದಕ್ಕೆ, ಕ್ಲಚ್ ಸ್ವಿಚ್ಚಿನತ್ತ ಮತ್ತು ಗುಂಡಿಯತ್ತ ಸರಿಯಬೇಕು. ಗುಂಡಿಯ ಎರಡು ತಂತಿಗಳ ನಡುವೆ, ಒತ್ತಿ ಹಿಡಿದಿರುವಾಗ, ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಿಸಿದರೆ ಸಂಪರ್ಕ ಮಾಸಿದೆ ಎಂದು ತಿಳಿಯಬಹುದು. ಮೀಟರ್ ಇಲ್ಲದವರು ಇಂಡಿಕೇಟರಿನ ಬಲ್ಬಿಗೆ ಎರಡು ತಂತಿ ಬೆಸೆದು ಪರೀಕ್ಷಾ ದೀಪ ಮಾಡಿಕೊಳ್ಳುವುದುಂಟು. ಕೆಲವು ಗಾಡಿಗಳಲ್ಲಿ ಗುಂಡಿಯು ರಿಲೇಗೆ ಧನ ವಿದ್ಯುತ್ತನ್ನು ಕೊಡುತ್ತದೆ, ಕೆಲವುಗಳಲ್ಲಿ ಸುರುಳಿಯ ಇನ್ನೊಂದು ತುದಿಯನ್ನು ಅರ್ತ್ ಮಾಡುತ್ತದೆ. ಆದ್ದರಿಂದ ಆಯಾ ಗಾಡಿಯ ವೈರಿಂಗ್ ನಕ್ಷೆಯನ್ನು ನೋಡುವುದು ಕ್ಷೇಮ.

ರಿಲೇಯ ಎರಡು ದಪ್ಪ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಅಡ್ಡಗಟ್ಟಿ ಮೋಟಾರು ತಿರುಗುವುದೇ ಎಂದು ನೋಡುವ ಪದ್ಧತಿ ರಸ್ತೆಬದಿಯಲ್ಲಿ ಬಳಕೆಯಲ್ಲಿದೆ. ಇದರಿಂದ ದೊಡ್ಡ ಕಿಡಿ ಹಾರುತ್ತದೆ. ಹತ್ತಿರದಲ್ಲೇ ಪೆಟ್ರೋಲ್ ಟ್ಯಾಂಕೂ ಜಲಜನಕ ಬಿಡುವ ಬ್ಯಾಟರಿಯೂ ಇರುವುದರಿಂದ ಇದು ಅನುಕರಣೀಯವಲ್ಲ.

ಬಿಚ್ಚಿ ಶುಚಿಗೊಳಿಸುವುದು

ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಹ್ಯಾಂಡಲ್ಲಿನ ಸ್ವಿಚ್ ಪೆಟ್ಟಿಗೆ ಎರಡು ಹೋಳುಗಳಾಗಿದ್ದು, ಅವನ್ನು ಬಿಗಿದಿರುವ ಎರಡು ಸ್ಕ್ರೂಗಳು ಹೆಚ್ಚಾಗಿ ಕೆಳಭಾಗದಲ್ಲಿರುತ್ತವೆ. ಹಳೆಯ ಗಾಡಿಯ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇಲ್ಲಿಯೇ. ತುಕ್ಕು ಹಿಡಿದ ಸ್ಕ್ರೂವಿಗೆ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು, ಹತ್ತು ನಿಮಿಷದ ಕೆಲಸ ಅರ್ಧ ದಿನದ್ದಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಮರುದಿನ ಸ್ಕ್ರೂವಿನ ತಲೆಯಲ್ಲಿ ಬಿಗಿಯಾಗಿ ಕೂರುವ ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿ ಹಿಡಿದು ತಿರುಗಿಸುವುದು ಸರಿಯಾದ ಕ್ರಮ.

ಪೆಟ್ಟಿಗೆಯ ಕೆಳಗೆ ಬಿಳಿಯ ಬಟ್ಟೆ ಹಾಸಿಕೊಂಡೇ ಹೋಳುಗಳನ್ನು ಬೇರ್ಪಡಿಸಬೇಕು. ಒಳಗಿನ ಸ್ಪ್ರಿಂಗ್ ಅಥವಾ ಸಾಸಿವೆಯಂತಹ ಗುಂಡು ಹಾರಿ ಅಂಗಳದ ಹುಲ್ಲಿಗೆ ಬಿದ್ದರೆ ಮತ್ತೆ ಸಿಗುವುದು ಕಷ್ಟ. ಕಳಚುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆಗೆ ಅನುಕೂಲ. ಹಲವು ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್ಲಿನ ತುದಿಯೂ ಇದೇ ಪೆಟ್ಟಿಗೆಯಲ್ಲಿರುವುದರಿಂದ ಅದು ತನ್ನ ಗಾಡಿಯಿಂದ ಜಾರದಂತೆ ನೋಡಿಕೊಳ್ಳಬೇಕು.

ಸಂಪರ್ಕಗಳ ಮೇಲೆ ಹಸಿರು ಕಿಲುಬು ಅಥವಾ ಕಪ್ಪು ಸುಟ್ಟ ಕಲೆ ಕಾಣಿಸುತ್ತದೆ. ನಯವಾದ ಮರಳುಕಾಗದದ ಸಣ್ಣ ಚೂರಿನಿಂದ ಮೃದುವಾಗಿ ಉಜ್ಜಿ, ತಾಮ್ರದ ಹೊಳಪು ಕಂಡೊಡನೆ ನಿಲ್ಲಿಸಬೇಕು. ಅತಿಯಾಗಿ ಉಜ್ಜಿದರೆ ತೆಳು ತಗಡು ಸವೆದು ಸಂಪರ್ಕ ಮತ್ತಷ್ಟು ದುರ್ಬಲವಾಗುತ್ತದೆ. ಧೂಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಪೂರ್ತಿ ಒಣಗಿದ ಬಳಿಕ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಬೇಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಾಕುವುದು ತರವಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ; ಮಲೆನಾಡಿನ ಚಳಿಗಾಲದ ಮುಂಜಾನೆಯಲ್ಲಿ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಳ್ಳಲು ಅಷ್ಟು ಸಾಕು.

ತಂತಿ ಬಿಟ್ಟಿದ್ದಲ್ಲಿ ಬೆಸುಗೆ ಹಾಕಬೇಕು. ಆಮ್ಲಯುಕ್ತ ಪೇಸ್ಟನ್ನು ಬಳಸದೆ ರಾಳದ ಫ್ಲಕ್ಸ್ ಇರುವ ಬೆಸುಗೆ ತಂತಿಯನ್ನೇ ಬಳಸುವುದು ಮುಖ್ಯ; ಆಮ್ಲದ ಉಳಿಕೆ ಮಳೆಗಾಲದಲ್ಲಿ ಹೊಸ ಕಿಲುಬಿಗೆ ಬೀಜವಾಗುತ್ತದೆ. ಕಾಯ್ದ ಕಡ್ಡಿಯನ್ನು ಹೆಚ್ಚು ಹೊತ್ತು ಹಿಡಿದರೆ ಸುತ್ತಲಿನ ಪ್ಲಾಸ್ಟಿಕ್ ಕರಗಿ ಸಂಪರ್ಕದ ತಗಡು ವಾಲುತ್ತದೆ.

ಬದಲಾವಣೆ

ಪ್ಲಾಸ್ಟಿಕ್ ಒಡೆದಿದ್ದರೆ, ಸ್ಪ್ರಿಂಗ್ ಕರಗಿಹೋಗಿದ್ದರೆ, ಅಥವಾ ಶುಚಿಗೊಳಿಸಿದ ಕೆಲವೇ ವಾರಗಳಲ್ಲಿ ದೋಷ ಮರುಕಳಿಸಿದರೆ ಬಲಬದಿಯ ಇಡೀ ಸ್ವಿಚ್ ಜೋಡಣೆಯನ್ನೇ ಬದಲಾಯಿಸುವುದು ಲೇಸು. ಕೊಳ್ಳುವಾಗ ಗಾಡಿಯ ಮಾದರಿಯ ಹೆಸರಷ್ಟೇ ಸಾಲದು, ತಯಾರಾದ ವರ್ಷವನ್ನೂ ಹೇಳಬೇಕು. ಭಾರತದಲ್ಲಿ 2017ರ ಏಪ್ರಿಲ್‌ನಿಂದ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲನೆಯೊಡನೆ ತಾನಾಗಿ ಉರಿಯಬೇಕೆಂಬ ನಿಯಮ ಜಾರಿಗೆ ಬಂದುದರಿಂದ ಆ ನಂತರದ ಸ್ವಿಚ್ ಪೆಟ್ಟಿಗೆಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ ಇಲ್ಲ. ಅಂತಹದನ್ನು ಹಳೆಯ ಗಾಡಿಗೆ ತಂದರೆ ದೀಪದ ತಂತಿಗಳಿಗೆ ಜಾಗವೇ ಇರುವುದಿಲ್ಲ.

ಸ್ವಿಚ್ಚಿನ ತಂತಿಗಳು ಹೆಡ್‌ಲೈಟಿನ ಹಿಂದೆ ಅಥವಾ ಟ್ಯಾಂಕಿನ ಕೆಳಗೆ ಕನೆಕ್ಟರಿನಲ್ಲಿ ಕೊನೆಗೊಳ್ಳುತ್ತವೆ. ಹಳೆಯದರ ಕನೆಕ್ಟರನ್ನೂ ಹೊಸದರದ್ದನ್ನೂ ಅಕ್ಕಪಕ್ಕ ಹಿಡಿದು ಪಿನ್ನುಗಳ ಸಂಖ್ಯೆ, ಸ್ಥಾನ ಹೋಲಿಸಿದ ಮೇಲೆಯೇ ಜೋಡಿಸಬೇಕು. ತಯಾರಕರಿಂದ ತಯಾರಕರಿಗೆ ಬಣ್ಣ ಬೇರೆಯಾಗುವುದರಿಂದ, ಬೇರೆ ಕಂಪನಿಯ ಸ್ವಿಚ್ ಹಾಕುವಾಗ ಬಣ್ಣ ನಂಬಿ ತಂತಿ ಸೇರಿಸಬಾರದು. ಒತ್ತಿದಾಗ ಯಾವೆರಡು ತಂತಿಗಳು ಕೂಡುತ್ತವೆ ಎಂದು ಮೀಟರಿನಿಂದ ನೋಡಿ ಸೇರಿಸಬೇಕು. ತಂತಿಯನ್ನು ಹ್ಯಾಂಡಲ್ಲಿನಿಂದ ಇಳಿಸುವಾಗ ಕನೆಕ್ಟರಿಗಿಂತ ತುಸು ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತೆ ಬಿಟ್ಟರೆ ಹರಿದುಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರಿನೊಳಕ್ಕೆ ಹೋಗುವುದಿಲ್ಲ. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ತಂತಿ ಬಿಗಿಯುವುದಿಲ್ಲವೆಂದೂ, ಆಕ್ಸಿಲರೇಟರ್ ಕೈಬಿಟ್ಟೊಡನೆ ತಾನಾಗಿ ಹಿಂತಿರುಗುತ್ತದೆಂದೂ ಖಚಿತಪಡಿಸಿಕೊಂಡೇ ಬ್ಯಾಟರಿ ಜೋಡಿಸಬೇಕು.

ಅಡ್ಡದಾರಿಯ ಜೋಡಣೆಗಳು

ಬಿಡಿಭಾಗ ಸಿಗದಾಗ ಹ್ಯಾಂಡಲ್ಲಿಗೆ ಬೇರೊಂದು ಒತ್ತುಗುಂಡಿ ಕಟ್ಟುವುದು, ಕೆಲವೊಮ್ಮೆ ಮನೆಯ ಕಾಲಿಂಗ್ ಬೆಲ್ಲಿನ ಗುಂಡಿಯನ್ನೇ ಕಟ್ಟುವುದು ಹಳ್ಳಿಗಳ ಜಾಣ್ಮೆ. ಗುಂಡಿಯ ಮೂಲಕ ಹರಿಯುವುದು ರಿಲೇಯ ಸಣ್ಣ ವಿದ್ಯುತ್ ಮಾತ್ರವಾದ್ದರಿಂದ ಇದು ತಾತ್ಕಾಲಿಕವಾಗಿ ನಡೆದೀತು. ಅಪಾಯವಿರುವುದು ಗುಂಡಿಯಲ್ಲಲ್ಲ, ಅದಕ್ಕೆ ತಂತಿ ಎಳೆಯುವ ರೀತಿಯಲ್ಲಿ. ಬ್ಯಾಟರಿಯಿಂದ ನೇರವಾಗಿ ತಂತಿ ತಂದರೆ ಕೀಲಿ ಇಲ್ಲದೆಯೂ ಮೋಟಾರು ತಿರುಗುತ್ತದೆ. ನ್ಯೂಟ್ರಲ್ ಮತ್ತು ಕ್ಲಚ್ ಸ್ವಿಚ್ಚುಗಳ ಕಾವಲು ತಪ್ಪಿಹೋಗುತ್ತದೆ. ಗಿಯರಿನಲ್ಲಿ ನಿಲ್ಲಿಸಿದ ಗಾಡಿಯ ಮೇಲೆ ಹತ್ತಿ ಆಡುವ ಮಗು ಗುಂಡಿ ಒತ್ತಿದರೆ ಗಾಡಿ ನೆಗೆದು ಉರುಳುತ್ತದೆ. ಇಂತಹ ಜೋಡಣೆ ಅನಿವಾರ್ಯವಾದರೆ ಹಳೆಯ ಗುಂಡಿಯ ಎರಡು ತಂತಿಗಳಿಗೇ ಹೊಸದನ್ನು ಸೇರಿಸಬೇಕು. ಆಗ ಫ್ಯೂಸೂ ಕಾವಲಿನ ಸ್ವಿಚ್ಚುಗಳೂ ಮೊದಲಿನಂತೆಯೇ ಉಳಿಯುತ್ತವೆ.

ಸ್ವಿಚ್ ಇಲ್ಲದೆ ಚಾಲನೆ

ಕಿಕ್ ಇರುವ ಗಾಡಿಗಳಲ್ಲಿ ಗುಂಡಿ ಕೆಟ್ಟರೂ ಪ್ರಯಾಣ ನಿಲ್ಲುವುದಿಲ್ಲ. ಕಿಕ್ ಇಲ್ಲದವನ್ನು ತಳ್ಳಿ ಚಾಲನೆಗೊಳಿಸಬೇಕು: ಕೀಲಿ ಆನ್ ಮಾಡಿ, ಎರಡನೆಯ ಗಿಯರಿಗೆ ಹಾಕಿ, ಕ್ಲಚ್ ಹಿಡಿದು, ಇಳಿಜಾರಿನಲ್ಲಿ ವೇಗ ಬಂದೊಡನೆ ಕ್ಲಚ್ ಬಿಡಬೇಕು, ಎಂಜಿನ್ ಹೊತ್ತಿದ ಕ್ಷಣ ಮತ್ತೆ ಹಿಡಿಯಬೇಕು. ಮೊದಲ ಗಿಯರಿನಲ್ಲಾದರೆ ಹಿಂದಿನ ಚಕ್ರ ಕಟ್ಟಿಕೊಂಡು ಜಾರುವ ಸಂಭವ ಹೆಚ್ಚು. ಸೆಲ್ಫ್ ಕೈಕೊಟ್ಟವರು ಗಾಡಿಯನ್ನು ಇಳಿಜಾರಿಗೆ ಮುಖಮಾಡಿ ನಿಲ್ಲಿಸುವುದು ಇದಕ್ಕಾಗಿಯೇ. ಮಲೆನಾಡಿನಲ್ಲಿ ಇಳಿಜಾರಿಗಾಗಿ ಬಹಳ ದೂರ ಹೋಗಬೇಕಾಗಿಲ್ಲ. ಮಳೆಯಲ್ಲಿ ಪಾಚಿಗಟ್ಟಿದ ರಸ್ತೆಯಾದರೆ ಈ ಪ್ರಯತ್ನಕ್ಕೆ ಇಬ್ಬರಿರುವುದು ವಾಸಿ.

ದೋಷ ಗುಂಡಿಯದ್ದೇ ಆಗಿದ್ದು ಬ್ಯಾಟರಿ ಚೆನ್ನಾಗಿದ್ದರೆ ಈ ವಿಧಾನ ಎಲ್ಲ ಗಾಡಿಗಳಲ್ಲೂ ಫಲಿಸುತ್ತದೆ. ಬ್ಯಾಟರಿಯೇ ಸತ್ತಿದ್ದರೆ ಗಾಡಿಯ ಬಗೆಯನ್ನು ನೋಡಬೇಕು. ಎಂಜಿನ್ನಿನ ಮ್ಯಾಗ್ನೆಟೋ ಸುರುಳಿಯಿಂದಲೇ ಕಿಡಿ ಪಡೆಯುವ ಹಳೆಯ ಕಾರ್ಬ್ಯುರೇಟರ್ ಗಾಡಿಗಳು ಬ್ಯಾಟರಿ ಇಲ್ಲದೆಯೂ ಹೊತ್ತಿಕೊಳ್ಳುತ್ತವೆ. ಕಿಡಿಗೆ ಬ್ಯಾಟರಿಯನ್ನೇ ನೆಚ್ಚಿದ ಗಾಡಿಗಳಲ್ಲಿ, ಹಾಗೂ ಪೆಟ್ರೋಲ್ ಪಂಪಿಗೂ ಗಣಕಕ್ಕೂ ವಿದ್ಯುತ್ ಬೇಕಾದ ಇಂಧನ ಇಂಜೆಕ್ಷನ್ ಗಾಡಿಗಳಲ್ಲಿ, ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಎಷ್ಟು ತಳ್ಳಿದರೂ ಪ್ರಯೋಜನವಾಗುವುದು ಅಪರೂಪ.